ಬಿರುಕಿಗೆ ಬಣ್ಣ ಬಳಿದವರಿಗೆ

ನೀರು ಸರಬರಾಜು ಕಚೇರಿಯ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ, ಮೊದಲು ನೆಟ್ಟಗೆ ಕೂತುಕೊಳ್ಳಿ. ಕೈಯಲ್ಲಿರುವ ಮೊಬೈಲನ್ನು ಮೇಜಿನ ಮೇಲೆ ಮಗುಚಿ ಇಡಿ. ಎದುರಿಗಿದ್ದವರು ಮಾತಾಡುವಾಗ ಬೇರೆ ಕಡೆ ನೋಡುವ ಚಾಳಿ ನಿಮ್ಮ ಕಚೇರಿಯಲ್ಲಿ ಜವಾನನಿಂದ ಹಿಡಿದು ನಿಮ್ಮವರೆಗೂ ಹಬ್ಬಿದೆ. ಅದನ್ನು ನಿಮ್ಮ ನಿಮ್ಮ ತಾಯಂದಿರು ಚಿಕ್ಕಂದಿನಲ್ಲೇ ಬಿಡಿಸಬೇಕಿತ್ತು. ಬಿಡಿಸಲಿಲ್ಲ, ಈಗ ಆ ಕೆಲಸ ನನ್ನ ತಲೆಗೆ ಬಂದಿದೆ. ಪತ್ರಿಕೆಯಲ್ಲಿ ಇದನ್ನು ಓದುತ್ತಿರುವ ಉಳಿದವರೂ ನಗಬೇಡಿ. ನಿಮಗೂ ಬೈಗುಳ ಇದೆ, ಸರದಿ ಬರುತ್ತದೆ.

ವಿಷಯ ಇಷ್ಟು. ನಮ್ಮ ಬೀದಿಯ ಕೊನೆಯಲ್ಲಿ ನಿಮ್ಮ ಕಚೇರಿಯ ನೀರಿನ ಟ್ಯಾಂಕು ಆರು ಕಂಬಗಳ ಮೇಲೆ ನಿಂತಿದೆ. ಅದರಲ್ಲಿ ಒಂದು ಕಂಬ ಒಡೆಯುತ್ತಿದೆ. ಆ ಕಂಬದಿಂದ ನನ್ನ ಹೆಜ್ಜೆಯಲ್ಲಿ ಒಂಬತ್ತು ಹೆಜ್ಜೆ ದೂರಕ್ಕೆ ಚಿಕ್ಕ ಮಕ್ಕಳ ಶಾಲೆ ಇದೆ, ತಗಡು ಹೊದಿಸಿದ ಒಂದೇ ಕೋಣೆ. ನನ್ನ ಮಗಳ ಮಗಳು, ಐದು ವರ್ಷದವಳು, ಅಲ್ಲಿ ಅಕ್ಷರ ಕಲಿಯುತ್ತಾಳೆ. ಹನ್ನೊಂದು ತಿಂಗಳಲ್ಲಿ ನಾಲ್ಕು ಸಲ ನಿಮಗೆ ದೂರು ಕೊಟ್ಟಿದ್ದೇನೆ. ನೀವು ಮಾಡಿದ ಕೆಲಸ ಎರಡು: ಆ ಕಂಬಕ್ಕೆ ಬಣ್ಣ ಹೊಡೆಸಿದಿರಿ, ನನಗೆ ನೋಟೀಸು ಕಳಿಸಿದಿರಿ.

ಕಂಬ ಒಡೆಯುತ್ತಿದೆ ಅಂತ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತೀರಿ. ಕೇಳಬೇಕಾದದ್ದೇ. ನಾನು ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ತರಗತಿಗೇ ಬಿಟ್ಟವಳು. ಆದರೆ ನಮ್ಮ ಯಜಮಾನರು ಗಾರೆ ಕೆಲಸದ ಮೇಸ್ತ್ರಿ. ಇಪ್ಪತ್ತೆರಡು ವರ್ಷ ಅವರ ಹಿಂದೆ ಗಾರೆ ಬಾಂಡ್ಲಿ ಹೊತ್ತಿದ್ದೇನೆ. ಹಳೆ ಕಟ್ಟಡದ ರಿಪೇರಿಗೆ ಹೋದಾಗಲೆಲ್ಲ ಅವರು ಒಂದು ಕೆಲಸ ಮಾಡುತ್ತಿದ್ದರು. ಬಿರುಕು ಕಂಡ ಕಡೆ ಎರಡು ಬೆರಳಗಲದ ಕಾಗದದ ಪಟ್ಟಿಯನ್ನು ಹಿಟ್ಟಿನ ಅಂಟಿನಿಂದ ಅಡ್ಡಲಾಗಿ ಅಂಟಿಸಿ, ಮೇಲೆ ತಾರೀಕು ಬರೆಯುತ್ತಿದ್ದರು. ತಿಂಗಳಾದರೂ ಕಾಗದ ಹಾಗೇ ಇದ್ದರೆ ಅದು ಸತ್ತ ಬಿರುಕು, ಗಾರೆ ತುಂಬಿ ಮುಚ್ಚಿದರೆ ಆಯಿತು. ಕಾಗದ ಸೀಳಿದರೆ ಅದು ಜೀವಂತ ಬಿರುಕು. ಆಗ ಅವರು ಮನೆಯವರನ್ನು ಕರೆದು, “ಪಾತ್ರೆ ಪಗಡೆ ಆಮೇಲೆ ತೆಗೀರಿ, ಮೊದ್ಲು ಮಕ್ಕಳನ್ನ ಹೊರಗೆ ಕರ್ಕೊಳ್ಳಿ” ಅನ್ನುತ್ತಿದ್ದರು. ಇಷ್ಟೇ ನನ್ನ ವಿದ್ಯೆ.

ಮೊಮ್ಮಗಳನ್ನು ಬಿಡಲು ಹೋದಾಗ ಶಾಲೆಯ ಕಡೆಗಿದ್ದ ಕಂಬದಲ್ಲಿ ಬಿರುಕು ಕಂಡಿತು. ಪಟ್ಟಿ ಅಂಟಿಸಿದೆ. ಹತ್ತೊಂಬತ್ತನೇ ದಿನ ಸೀಳಿತ್ತು.

ಅದೇ ದಿನ ನಿಮ್ಮ ಕಚೇರಿಗೆ ಬಂದೆ. ಕಿಟಕಿಯ ಹಿಂದೆ ಇದ್ದ ಗುಮಾಸ್ತ ತಲೆ ಎತ್ತದೆ, “ಆನ್‌ಲೈನಲ್ಲಿ ಹಾಕಿ ಅಜ್ಜಿ” ಎಂದ. “ಕಂಬ ಆನ್‌ಲೈನಲ್ಲಿ ಒಡೀತಿಲ್ಲ ಕಣಪ್ಪಾ, ಬೀದೀಲಿ ಒಡೀತಿದೆ” ಎಂದೆ. ನನ್ನ ಹಿಂದೆ ನಿಂತಿದ್ದ, ಕತ್ತಿಗೆ ಗುರುತಿನ ಚೀಟಿ ತೂಗು ಹಾಕಿಕೊಂಡಿದ್ದ ಗಂಡಸು ಮೊಣಕೈಯಿಂದ ನನ್ನನ್ನು ಪಕ್ಕಕ್ಕೆ ತಳ್ಳಿ, “ಮನೇಲಿ ಮಾತಾಡೋರು ಯಾರೂ ಇಲ್ವಾ ನಿಮಗೆ? ನಮ್ಗೂ ಕೆಲಸ ಇದೆ” ಎಂದ. ಸಾಲಿನಲ್ಲಿ ಇಪ್ಪತ್ತು ಜನ ಇದ್ದರು. ಇಬ್ಬರು ನಕ್ಕರು. ಉಳಿದವರು ಗೋಡೆಯ ಗಡಿಯಾರ ನೋಡಿದರು. ಓದುಗರೇ, ಆ ಇಪ್ಪತ್ತು ಜನರಲ್ಲಿ ನೀವೂ ಒಬ್ಬರಾಗಿದ್ದಿರಬಹುದು. ನನ್ನನ್ನು ತಳ್ಳಿದ ನೋವು ಸಂಜೆಗೆ ಹೋಯಿತು. “ಯಾವ ಕಂಬ ಅಜ್ಜಿ?” ಎಂದು ಒಬ್ಬರೂ ಕೇಳಲಿಲ್ಲ, ಅದು ಹೋಗಿಲ್ಲ.

ಮಗಳು ಮೊಬೈಲಿನಲ್ಲಿ ದೂರು ಹಾಕಿದಳು. ನೀವು ಬೇಗನೇ ಕೆಲಸ ಮಾಡಿದಿರಿ ಎಂದು ಒಪ್ಪಿಕೊಳ್ಳುತ್ತೇನೆ. ಒಂಬತ್ತನೇ ದಿನ ಇಬ್ಬರು ಬಣ್ಣದವರು ಏಣಿ ತಂದರು. ಬಿರುಕಿಗೆ ಬಣ್ಣದಂಗಡಿಯ ಬಿಳಿ ಲಪ್ಪದ ಹಿಟ್ಟು ಮೆತ್ತಿ, ಉಜ್ಜಿ, ಮೇಲೆ ನೀಲಿ ಬಣ್ಣ ಬಳಿದು, “ಪ್ರತಿ ಹನಿಯೂ ಅಮೂಲ್ಯ” ಎಂದು ಬರೆದರು. ಬರೆದವನ ಕೈಬರಹ ಚೆನ್ನಾಗಿತ್ತು. ಮಧ್ಯಾಹ್ನ ಮಗಳ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರು ಪರಿಹರಿಸಲಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ಜೊತೆಗೆ ನೀಲಿ ಕಂಬದ ಫೋಟೋ. ಮಾನ್ಯರೇ, ಹುಣ್ಣಿಗೆ ಪೌಡರ್ ಹಚ್ಚಿ ರೋಗಿಯ ಕೈಯಲ್ಲಿ ನಕ್ಷತ್ರ ಕೇಳುವ ವೈದ್ಯರನ್ನು ನಾನು ಈವರೆಗೆ ಕಂಡಿರಲಿಲ್ಲ.

ಬಣ್ಣ ಒಣಗಿ ಎರಡು ತಿಂಗಳಿಗೆ ಬಿರುಕು ಮತ್ತೆ ಇಣುಕಿತು, “ಅಮೂಲ್ಯ” ಎಂಬ ಪದದ ನಟ್ಟನಡುವೆ. ಮತ್ತೆ ಪಟ್ಟಿ ಅಂಟಿಸಿದೆ. ಈ ಸಲ ಹನ್ನೊಂದು ದಿನಕ್ಕೆ ಸೀಳಿತು. ಎರಡನೇ ದೂರಿಗೂ ಮೂರನೇ ದೂರಿಗೂ “ಈಗಾಗಲೇ ಪರಿಹರಿಸಲಾಗಿದೆ” ಎಂಬ ಉತ್ತರ ಬಂತು. ಆಮೇಲೆ ಬಂದದ್ದು ನೋಟೀಸು. ಸಾರ್ವಜನಿಕ ಆಸ್ತಿಯ ಮೇಲೆ ಅನುಮತಿ ಇಲ್ಲದೆ ಭಿತ್ತಿಪತ್ರ ಅಂಟಿಸಿ ವಿರೂಪಗೊಳಿಸಿದ್ದಕ್ಕೆ ಏಕೆ ಕ್ರಮ ಕೈಗೊಳ್ಳಬಾರದು, ಏಳು ದಿನದೊಳಗೆ ಸಮಜಾಯಿಷಿ ಕೊಡಿ ಎಂದಿದ್ದೀರಿ. ನನ್ನ ಭಿತ್ತಿಪತ್ರದಲ್ಲಿ ಇದ್ದದ್ದು ತಾರೀಕು, ತಿಂಗಳು. ಬೇರೇನೂ ಇರಲಿಲ್ಲ. ತಾರೀಕು ಕಂಡರೆ ಹೆದರುವ ಕಚೇರಿ ನಿಮ್ಮದು. ಅದೇ ಕಂಬದ ಮೇಲೆ ಕೂದಲು ಉದುರುವುದಕ್ಕೆ ಔಷಧಿ, ಖಾಲಿ ಇರುವ ಮನೆ, ಮೂರು ಮಂದಿ ನಾಯಕರ ಹುಟ್ಟುಹಬ್ಬ ಎಲ್ಲವೂ ಅಂಟಿಕೊಂಡಿವೆ. ಅವುಗಳಿಂದ ನಿಮ್ಮ ಕಂಬಕ್ಕೆ ಶೋಭೆ ಬಂದಿರಬೇಕು.

ಈಗ ಬೀದಿಯವರ ಸರದಿ. ನನ್ನ ಪಟ್ಟಿಗಳನ್ನು ಕೆಲವರು ಆಟಕ್ಕೆ ಹರಿಯಲು ಶುರು ಮಾಡಿದರು. ಒಬ್ಬ ಹರಿಯುವುದು, ಇನ್ನೊಬ್ಬ ವಿಡಿಯೊ ಮಾಡುವುದು, “ಅಜ್ಜೀ, ನಿಮ್ಮ ಕಂಬ ಬಿತ್ತು, ಓಡಿ ಬನ್ನಿ” ಎಂದು ಕೂಗುವುದು. ಅದನ್ನು ಸಾವಿರಾರು ಜನ ನೋಡಿ ಮೆಚ್ಚಿದರಂತೆ. ಮೆಚ್ಚಿದವರಿಗೆ ಒಂದು ಮಾತು ಹೇಳುತ್ತೇನೆ. ಕೈಯಿಂದ ಹರಿದ ಕಾಗದದ ಅಂಚು ಎಲ್ಲೆಂದರಲ್ಲಿ ಅಂಕುಡೊಂಕು ಇರುತ್ತದೆ, ಒಂದು ತುದಿ ಕಿತ್ತು ಬಂದಿರುತ್ತದೆ. ಬಿರುಕು ಸೀಳಿದ ಕಾಗದ ಎರಡು ತುದಿಯಲ್ಲೂ ಭದ್ರವಾಗಿ ಅಂಟಿಕೊಂಡೇ ಇರುತ್ತದೆ, ನಡುವೆ ಮಾತ್ರ ಬಿರುಕಿನ ದಾರಿ ಹಿಡಿದು ಬಿಟ್ಟಿರುತ್ತದೆ. ಹರಿದದ್ದು ನೀವೋ ಕಂಬವೋ ಎಂದು ನನಗೆ ತಿಳಿಯುತ್ತದೆ. ಇನ್ನು ಮೇಲೆ ಟ್ಯಾಂಕಿನಲ್ಲಿರುವ ನೀರು ಸಾಲದೆಂದು ಕಂಬದ ಬುಡಕ್ಕೂ ಬಿಟ್ಟು ಹೋಗುವ ಗಂಡಸರಿಗೆ ಏನು ಹೇಳಲಿ? ಒಳಗಿನ ಕಬ್ಬಿಣವನ್ನು ತಿನ್ನುವುದರಲ್ಲಿ ನಿಮ್ಮ ಪಾಲೂ ಇದೆ, ಪ್ಯಾಂಟು ಎಳೆದುಕೊಳ್ಳುವಾಗ ಒಮ್ಮೆ ತಲೆ ಎತ್ತಿ ಮೇಲೆ ನೋಡಿ.

ನಾಲ್ಕನೇ ದೂರಿಗೆ ನಿಮ್ಮ ಕಿರಿಯ ಇಂಜಿನಿಯರ್ ಜೀಪಿನಲ್ಲಿ ಬಂದ. ಮೊದಲು ಇಳಿಯಲೇ ಇಲ್ಲ, ಕಿಟಕಿ ಇಳಿಸಿ ನೋಡಿದ.

“ಇದು ಗಿಲಾವಿನ ಬಿರುಕು ಅಜ್ಜಿ, ಮೇಲ್ಮೇಲೆ ಅಷ್ಟೇ. ಒಳಗೆ ಕಂಬ ಗಟ್ಟಿ ಇದೆ.”

“ಒಳಗೆ ಹೋಗಿ ನೋಡ್ಕೊಂಡು ಬಂದೆಯೇನಪ್ಪಾ?”

“ನಲವತ್ತು ವರ್ಷದಿಂದ ನಿಂತಿದೆಯಲ್ಲಾ.”

“ನಮ್ಮ ಯಜಮಾನ್ರೂ ಎಪ್ಪತ್ತು ವರ್ಷ ನಿಂತಿದ್ರು. ಬಿದ್ದ ದಿನ ಬೆಳಿಗ್ಗೆ ಕೂಡ ನಿಂತೇ ಇದ್ರು.”

ಅವನಿಗೆ ನಗು ಬಂತು. ಹುಡುಗ ಕೆಟ್ಟವನಲ್ಲ. ಇಳಿದು ಬಂದ. ನಾನು ಬಿರುಕಿನೊಳಗೆ ಎರಡು ಬೆರಳು ತೂರಿಸಿ ಎಳೆದೆ. ಬಿಸ್ಕತ್ತಿನಷ್ಟು ದಪ್ಪದ ತುಕ್ಕಿನ ಚಕ್ಕೆ ಕೈಗೆ ಬಂತು. ಹಿಚುಕಿದರೆ ಪುಡಿ. ಅದನ್ನು ಅವನ ಅಂಗೈ ಮೇಲೆ ಇಟ್ಟೆ. ಅವನು ನೋಡಿದ, ಕಂಬ ನೋಡಿದ, ತಲೆ ಎತ್ತಿ ಟ್ಯಾಂಕು ನೋಡಿದ. ಒಳಗೆ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದರು.

“ಅಲ್ಲಿ ನಿಮ್ಮೋರು ಯಾರಾದ್ರೂ ಇದ್ದಾರಾ?” ಎಂದು ಕೇಳಿದ.

“ಮೊಮ್ಮಗಳಿದ್ದಾಳೆ.”

ಅವನು ಚಾಲಕನ ಕಡೆ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದ. “ನಾನು ಹೇಳ್ದೆ ಅಂತ ಎಲ್ಲೂ ಹೇಳ್ಬೇಡಿ. ಅವಳನ್ನ ಬೇರೆ ಶಾಲೆಗೆ ಸೇರಿಸ್ಬಿಡಿ ಅಜ್ಜಿ. ತಡ ಮಾಡ್ಬೇಡಿ.”

“ಉಳಿದೋರು?”

ಅವನು ಅಂಗೈ ಒರೆಸಿಕೊಂಡು ಜೀಪು ಹತ್ತಿದ. ಅವನ ವರದಿಯ ಪ್ರತಿ ಮಗಳಿಗೆ ಬಂದಿದೆ: ರಚನೆಯು ಸದೃಢವಾಗಿದ್ದು ಸಾರ್ವಜನಿಕರು ಆತಂಕಪಡುವ ಅಗತ್ಯವಿಲ್ಲ. ಹೇಳಬೇಡಿ ಎಂದಿದ್ದ ಮಾತನ್ನು ಹೇಳಿಬಿಟ್ಟಿದ್ದೇನೆ. ಅವನನ್ನು ಹಿಡಿದು ಶಿಕ್ಷಿಸಲು ಹೋಗಬೇಡಿ. ನಿಮ್ಮ ಇಡೀ ಕಚೇರಿಯಿಂದ ನನಗೆ ಸಿಕ್ಕಿದ ಒಂದೇ ಒಂದು ನಿಜ ಅವನ ಬಾಯಿಂದ ಬಂದದ್ದು, ಅದೂ ಪಿಸುಮಾತಿನಲ್ಲಿ.

ಅವನ ಮಾತು ಕೇಳಿದ ಮೇಲೆ ನನ್ನ ತಲೆಗೆ ಬೇರೆ ಒಂದು ವಿಷಯ ಹೊಳೆಯಿತು. ಶಾಲೆಯ ಟೀಚರ್ ಹತ್ತಿರ ಹಾಜರಿ ಪುಸ್ತಕ ಕೇಳಿ ನೋಡಿದೆ. ಕಳೆದ ವರ್ಷ ನಲವತ್ತೊಂದು ಮಕ್ಕಳು. ಈಗ ಮೂವತ್ತಮೂರು. ಬಿಟ್ಟು ಹೋದ ಎಂಟು ಮಕ್ಕಳು ಯಾರವರು? ನಮ್ಮ ಬೀದಿಗೆ ನೀರು ಬಿಡುವ ನೀರುಗಂಟಿಯ ಅವಳಿ ಮಕ್ಕಳು. ಜೀಪಿನ ಚಾಲಕನ ಮಗ. ಕಿಟಕಿಯ ಹಿಂದೆ ಕೂತು ತಲೆ ಎತ್ತದ ಗುಮಾಸ್ತನ ಮಗಳು. ಉಳಿದ ನಾಲ್ವರಲ್ಲೂ ಒಬ್ಬರ ಚಿಕ್ಕಪ್ಪನೋ ಒಬ್ಬರ ಸೋದರಮಾವನೋ ನಿಮ್ಮ ಕಚೇರಿಯಲ್ಲೇ ಇದ್ದಾರೆ. ಅಂದರೆ ಮಾನ್ಯರೇ, ಸುದ್ದಿ ಗೊತ್ತಿದ್ದವರು ಒಬ್ಬೊಬ್ಬರಾಗಿ ತಮ್ಮ ಮಕ್ಕಳ ಕೈ ಹಿಡಿದು ಸದ್ದಿಲ್ಲದೆ ಜಾಗ ಖಾಲಿ ಮಾಡಿದ್ದಾರೆ. ಒಳಗೆ ಉಳಿದಿರುವುದು ಗೊತ್ತಿಲ್ಲದವರ ಮಕ್ಕಳು. ನೀರುಗಂಟಿಯನ್ನು ಬೀದಿಯಲ್ಲಿ ತಡೆದು ಕೇಳಿದೆ. “ಎಲ್ರೂ ಅವರವರದ್ದು ನೋಡ್ಕೊಳ್ತಾರೆ ಅಮ್ಮಾ. ನನ್ನ ಕೆಲಸ ಹೋದ್ರೆ ನೀವು ಕೊಡ್ತೀರಾ?” ಎಂದು ಸೈಕಲ್ ತುಳಿದುಕೊಂಡು ಹೋದ.

ಅವನನ್ನು ಬಾಯಿ ತುಂಬ ಬೈಯಬೇಕೆಂದು ಈ ಪ್ಯಾರಾ ಶುರು ಮಾಡಿದೆ. ಆದರೆ ಬೈಯುವ ಯೋಗ್ಯತೆ ನನಗಿಲ್ಲ. ಇಂಜಿನಿಯರ್ ಬಂದು ಹೋದ ಮಾರನೇ ದಿನದಿಂದ ಮೊಮ್ಮಗಳನ್ನು ನಾನೂ ಶಾಲೆಗೆ ಕಳಿಸಲಿಲ್ಲ, ಯಾರಿಗೂ ಏನೂ ಹೇಳಲೂ ಇಲ್ಲ. ಅವಳ ಪಕ್ಕದಲ್ಲಿ ಕೂರುವ ಮಗುವಿನ ತಾಯಿ, ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವವಳು, ಕೆಲಸಕ್ಕೆ ಹೋಗುತ್ತಾ ನಮ್ಮ ಬಾಗಿಲಲ್ಲಿ ನಿಂತು, “ಯಾಕಮ್ಮಾ ಪುಟ್ಟಿ ಬರ್ತಿಲ್ಲ? ನಮ್ಮೋಳು ಒಬ್ಳೇ ಕೂರೋಕೆ ಅಳ್ತಾಳೆ” ಎಂದಳು. “ಜ್ವರ ಕಣಮ್ಮಾ” ಎಂದುಬಿಟ್ಟೆ. ನಾಲಿಗೆ ತಡವರಿಸಲೂ ಇಲ್ಲ. ಮರುದಿನ ಅವಳು ಎರಡು ಕಿತ್ತಳೆ ತಂದು ಕೊಟ್ಟಳು, ಜ್ವರ ಬಂದ ಮಗುವಿಗೆ ಬಾಯಿರುಚಿ ಇರುವುದಿಲ್ಲ ಎಂದು. ನಮ್ಮದು ಹಿತ್ತಲಲ್ಲಿ ಕುಣಿಯುತ್ತಿತ್ತು. ಅವಳಿಗೆ ಆ ಸದ್ದು ಕೇಳಿಸದಿರಲಿ ಎಂದು ಬಾಗಿಲನ್ನು ಅರ್ಧ ಮುಚ್ಚಿಕೊಂಡು ಮಾತಾಡಿಸಿದೆ. ಮಾನ್ಯರೇ, ಆ ಮೂರು ದಿನ ನಾನೂ ನಿಮ್ಮ ಕಚೇರಿಯ ಸಿಬ್ಬಂದಿಯೇ ಆಗಿದ್ದೆ. ಸಂಬಳವಿಲ್ಲದ ಕೆಲಸ, ಆದರೆ ಕಲಿಯಲು ಕಷ್ಟವೇ ಇಲ್ಲ.

ನಾಲ್ಕನೇ ದಿನ ಶಾಲೆಯ ಗೇಟಿನಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಹೂಮಾಲೆ ಹಾಕುತ್ತಾರೆ ಎಂದೇನೂ ನಾನು ಅಂದುಕೊಂಡಿರಲಿಲ್ಲ. ಒಬ್ಬಳು, “ಬೆಳಗಾಗೆದ್ದು ಅಪಶಕುನ ನುಡೀಬೇಡಿ” ಎಂದಳು. ಇನ್ನೊಬ್ಬಳು, “ಶಾಲೆ ಮುಚ್ಚಿದ್ರೆ ನನ್ನ ಮಗನ್ನ ನೀವು ನೋಡ್ಕೊಳ್ತೀರಾ? ನಾನು ಕೆಲಸಕ್ಕೆ ಹೋಗ್ಬೇಡ್ವಾ?” ಎಂದು ಜಗಳಕ್ಕೇ ಬಂದಳು. ಅವಳದ್ದೂ ತಪ್ಪಲ್ಲ. ಕಿತ್ತಳೆ ತಂದವಳು ಮಾತ್ರ, “ಜ್ವರ ಇರ್ಲಿಲ್ವಾ?” ಎಂದು ಕೇಳಿದಳು. “ಇರ್ಲಿಲ್ಲ” ಎಂದೆ. “ಯಾವ ಕಂಬ?” ಎಂದಳು. ತೋರಿಸಿದೆ. ಕಾರ್ಖಾನೆಯ ಗಂಟೆಗೆ ಇನ್ನು ಹತ್ತು ನಿಮಿಷ ಇತ್ತು. ಮನೆಯಲ್ಲಿ ನೋಡಿಕೊಳ್ಳಲು ಅವಳಿಗೆ ಯಾರೂ ಇಲ್ಲ. ಮಗಳನ್ನು ಒಳಗೆ ಕಳಿಸಿ ತಿರುಗಿ ನೋಡದೆ ಓಡಿದಳು.

ನಮ್ಮ ಟೀಚರ್‌ಗೆ ಮಾತು ತಟ್ಟಿತು. ರಸ್ತೆಯ ಆ ಬದಿಯ ಮರದ ಕೆಳಗೆ ಚಾಪೆ ಹಾಸಿ ಆರು ದಿನ ಪಾಠ ಮಾಡಿದಳು. ಏಳನೇ ದಿನ ಅವಳ ಮೇಲಿನವರಿಗೆ ನಿಮ್ಮ ಕಚೇರಿಯಿಂದ ಪತ್ರ ಹೋಯಿತು: ಸದೃಢವಾದ ರಚನೆಯ ಬಗ್ಗೆ ಸಾರ್ವಜನಿಕರಲ್ಲಿ ಭೀತಿ ಹುಟ್ಟಿಸಲಾಗುತ್ತಿದೆ. ಮಕ್ಕಳು ಮತ್ತೆ ಒಳಗೆ ಹೋದರು. ನನ್ನ ಮಗಳು ಒಪ್ಪಲಿಲ್ಲ, ಹಾಗಾಗಿ ಮೊಮ್ಮಗಳು ಅದೇ ಮರದ ಕೆಳಗೆ ನನ್ನ ಪಕ್ಕದಲ್ಲಿ ಸ್ಲೇಟು ಹಿಡಿದು ಕೂರುತ್ತಾಳೆ. ಒಳಗೆ ಮೂವತ್ತೆರಡು ಮಕ್ಕಳು. ಕಿತ್ತಳೆಯವಳ ಮಗಳು ಕಿಟಕಿಯಿಂದ ಇವಳಿಗೆ ಕೈ ಬೀಸುತ್ತಾಳೆ, ಇವಳು ಇಲ್ಲಿಂದ ಬೀಸುತ್ತಾಳೆ. “ಅವಳ್ಯಾಕೆ ಇಲ್ಲಿಗೆ ಬರಲ್ಲ ಅಜ್ಜಿ?” ಎಂದು ದಿನಾ ಕೇಳುತ್ತಾಳೆ. ಅವಳಿಗೆ ಕೊಡುವ ಉತ್ತರ ನಿಮ್ಮ ಕಡತದಲ್ಲಿ ಎಲ್ಲಾದರೂ ಇದ್ದರೆ ಒಂದು ಪ್ರತಿ ಕಳಿಸಿ.

ಈಗ ಈ ಪತ್ರಕ್ಕೆ ಅವಸರವೇನು ಎಂಬ ಮಾತಿಗೆ ಬರುತ್ತೇನೆ. ಮರದ ಕೆಳಗೆ ಕೂತು ಕೂತು ನಾನು ಒಂದು ಸಂಗತಿ ಗಮನಿಸಿದ್ದೇನೆ. ಬೆಳಿಗ್ಗೆ ಅಂಟಿಸಿದ ಪಟ್ಟಿ ಟ್ಯಾಂಕು ಖಾಲಿ ಇರುವವರೆಗೆ ತೆಪ್ಪಗಿರುತ್ತದೆ. ಹನ್ನೊಂದಕ್ಕೆ ಪಂಪು ಶುರುವಾಗಿ ಮೇಲೆ ನೀರು ಬೀಳುವ ಸದ್ದು ಕೇಳಿದ ಮೇಲೆ ಬಿಗಿಯುತ್ತದೆ. ಕಳೆದ ಗುರುವಾರ ಅಂಟಿಸಿದ್ದು ಮೂರು ಗಂಟೆಗೆ ಸೀಳಿತು. ಮೊದಲಿನದು ಹತ್ತೊಂಬತ್ತು ದಿನ ತಾಳಿತ್ತು, ಇದು ಒಂದು ಹಗಲು ತಾಳಲಿಲ್ಲ. ಅದೂ ಎಂಥ ನೀರಿಗೆ? ಹಳೆ ಪಂಪಿಗೆ ಶಕ್ತಿ ಸಾಲದೆ ಎರಡು ವರ್ಷದಿಂದ ಟ್ಯಾಂಕು ಅರ್ಧಕ್ಕಿಂತ ಮೇಲೆ ತುಂಬಿಯೇ ಇಲ್ಲ ಎಂದು ನೀರುಗಂಟಿಯೇ ಹೇಳುತ್ತಾನೆ.

ಮುಂದಿನ ತಿಂಗಳ ಒಂದನೇ ತಾರೀಕು ನೀವು ಹೊಸ ಪಂಪು ಉದ್ಘಾಟಿಸುತ್ತೀರಿ. ಆಹ್ವಾನ ಪತ್ರಿಕೆ ಶಾಲೆಗೂ ಬಂದಿದೆ, ಒಳ್ಳೆ ನುಣುಪು ಕಾಗದ. ಅಂದು ಟ್ಯಾಂಕನ್ನು ಕಂಠಮಟ್ಟ ತುಂಬಿಸಿ ತೋರಿಸುತ್ತೀರಂತೆ. ಗಣ್ಯರ ವೇದಿಕೆ ಎಲ್ಲಿ ಎಂದು ನಿನ್ನೆ ನಿಮ್ಮವರು ಬಂದು ಸುಣ್ಣದ ಗೆರೆ ಎಳೆದರು. ನಾನು ಹೆಜ್ಜೆ ಹಾಕಿ ಅಳೆದಿದ್ದೇನೆ: ಕಂಬದಿಂದ ಎಂಬತ್ತಾರು ಹೆಜ್ಜೆ, ರಸ್ತೆಯ ಆಚೆ, ತಿರುವು ದಾಟಿ. ಅಷ್ಟು ದೂರ ಯಾಕಪ್ಪಾ, ಮೈಕಿಗೆ ವೈರು ಸಾಲುತ್ತದೆಯೇ ಎಂದು ಕೇಳಿದೆ. “ಮೇಲಿಂದ ಹೇಳಿದಾರೆ” ಎಂದರು. ಸ್ವಾಗತ ಗೀತೆ ಹಾಡುವ ಮಕ್ಕಳಿಗೆ ಎಲ್ಲಿ ಜಾಗ ಎಂದು ಕೇಳಿದೆ. ಅವರ ಗೆರೆಯನ್ನೂ ಎಳೆದಿದ್ದರು. ಬಿಸಿಲು ತಾಗದಿರಲೆಂದು ಟ್ಯಾಂಕಿನ ನೆರಳಿನಲ್ಲಿ.

ಮಾನ್ಯರೇ, ಈ ಎರಡು ಗೆರೆ ನೋಡಿದ ಮೇಲೆ ನಿಮಗೆ ವಿಷಯ ಗೊತ್ತಿಲ್ಲ ಎಂದು ನಂಬಲು ನನಗೆ ಆಗುತ್ತಿಲ್ಲ. ಈವರೆಗೆ ನಿಮ್ಮನ್ನು ಸೋಮಾರಿ ಎಂದು ತಿಳಿದಿದ್ದೆ. ಸೋಮಾರಿಯನ್ನು ಎಬ್ಬಿಸಬಹುದು. ಗೊತ್ತಿದ್ದೂ ಎಂಬತ್ತಾರು ಹೆಜ್ಜೆ ಆಚೆ ಕುರ್ಚಿ ಹಾಕಿಸಿಕೊಳ್ಳುವವರನ್ನು ಏನು ಮಾಡುವುದು? ನಾಳೆ ಆಗಬಾರದ್ದು ಆದರೆ ನೀವು ಏನು ಹೇಳುತ್ತೀರಿ ಎಂಬುದೂ ನನಗೆ ಈಗಲೇ ಬಾಯಿಪಾಠ. ಅನಿರೀಕ್ಷಿತ ಎನ್ನುತ್ತೀರಿ. ತನಿಖೆಗೆ ಆದೇಶಿಸಲಾಗಿದೆ ಎನ್ನುತ್ತೀರಿ. ಅದಕ್ಕೇ ಇದನ್ನು ಲಕೋಟೆಯಲ್ಲಿ ಹಾಕದೆ ಪತ್ರಿಕೆಗೆ ಕೊಟ್ಟಿದ್ದೇನೆ. ಇವತ್ತಿನ ಪತ್ರಿಕೆಯ ತಲೆಯ ಮೇಲೆ ತಾರೀಕು ಇದೆ. ಅನಿರೀಕ್ಷಿತ ಎಂಬ ಪದ ಇನ್ನು ನಿಮ್ಮ ಬಾಯಿಗೆ ಬರುವಂತಿಲ್ಲ.

ನನಗೆ ಬೇಕಾದದ್ದು ಹೇಳುತ್ತೇನೆ, ಬರೆದುಕೊಳ್ಳಿ. ಟ್ಯಾಂಕನ್ನು ಇವತ್ತೇ ಬರಿದು ಮಾಡಿಸಿ. ನೀರು ಬಾರದಿದ್ದರೆ ಬೀದಿಯವರು ನನ್ನನ್ನು ಬೈಯಲಿ, ಕೊಡ ಹೊತ್ತು ನನಗೆ ಅಭ್ಯಾಸವಿದೆ. ಆ ಮೂವತ್ತೆರಡು ಮಕ್ಕಳನ್ನು ನಿಮ್ಮ ಕಚೇರಿಯ ಸಭಾಂಗಣಕ್ಕೆ ಕರೆಸಿಕೊಳ್ಳಿ, ಅದು ವಾರಕ್ಕೆ ಆರು ದಿನ ಬೀಗ ಹಾಕಿಕೊಂಡೇ ಇರುತ್ತದೆ. ಕಂಬ ಒಡೆದು ಒಳಗಿನ ಕಬ್ಬಿಣ ನೋಡುವ ತಿಳಿದವರನ್ನು ಕರೆಸಿ. ಅವರು ನೋಡುವಾಗ ನೀವು ಅವರ ಪಕ್ಕದಲ್ಲಿ, ಟ್ಯಾಂಕಿನ ಅಡಿಯಲ್ಲೇ ನಿಂತಿರಬೇಕು. ಇದನ್ನು ಮಾಡುವುದಿಲ್ಲ ಎಂದಾದರೆ ಅದನ್ನಾದರೂ ಬರೆಯಿರಿ: ಕಂಬ ಗಟ್ಟಿ ಇದೆ, ಟ್ಯಾಂಕು ತುಂಬಿಸುತ್ತೇವೆ, ಮಕ್ಕಳು ಅಡಿಯಲ್ಲಿ ನಿಲ್ಲಲಿ ಎಂದು ನಿಮ್ಮ ಕೈಯಲ್ಲೇ ಬರೆದು, ನಿಮ್ಮ ಹೆಸರು ಹಾಕಿ ಸಹಿ ಮಾಡಿ. ಮೊಬೈಲಿನ ಸಂದೇಶ ನನಗೆ ಬೇಡ, ನಕ್ಷತ್ರವೂ ಬೇಡ.

ಒಂದನೇ ತಾರೀಕಿಗೆ ಇನ್ನು ಹದಿಮೂರು ದಿನ ಇದೆ. ಆ ಬೆಳಿಗ್ಗೆ ಪಂಪಿನ ಗುಂಡಿ ಒತ್ತುವ ಮೊದಲು ನಿಮ್ಮ ಉತ್ತರ ನನ್ನ ಕೈ ಸೇರಿರಬೇಕು. ಮುಂದಿನ ತಿಂಗಳು ಕಾಲಿಡುವುದಕ್ಕೆ ಮುಂಚೆ ಬರೆಯಿರಿ.

ಇಂತಿ,
ನಿಮ್ಮ ಕಡತದಲ್ಲಿ ಭೀತಿ ಹುಟ್ಟಿಸುವವಳು,
ಮನೆಯಲ್ಲಿ ಬರೀ ಒಬ್ಬ ಅಜ್ಜಿ